‘ಅಜ್ಜಾ, ಸ್ವಲ್ಪ ದುಃಖದಿಂದ ನೋಡ್ರಿ’

ಹಳೇ ಬಟ್ಟೆಯ ಗುಡ್ಡ, ಅದರ ತುದಿಯಲ್ಲಿ ಮೂರು ದಿನ ಉಪವಾಸವಿದ್ದಂಥ ಮುಖದ ಹುಡುಗಿ, ಕೆಳಗೆ ‘ಕಡಿಮೆ ಕೊಳ್ಳಿ’ ಎಂಬ ಬೋಧನೆ, ಅದರ ಕೆಳಗೆ ‘ಈಗಲೇ ಕೊಳ್ಳಿ’ ಎಂಬ ಗುಂಡಿ. ಹಬ್ಬ ಹತ್ತಿರ ಬಂತೆಂದರೆ ಇಂಥದ್ದೊಂದು ಬಟ್ಟೆ ಜಾಹೀರಾತು ನಿಮ್ಮ ಮೊಬೈಲಿಗೂ ಬಂದೇ ಬರುತ್ತದೆ. ಹಿಂದೆ ಬಾದಾಮಿಯ ಕೆಂಪು ಬಂಡೆ ಇದ್ದರಂತೂ ವೈರಾಗ್ಯಕ್ಕೆ ಕಳೆಯೇ ಕಳೆ.

ಈ ಫೋಟೋ ತೆಗೆಯುವವರನ್ನು ಮೆಚ್ಚಬೇಕ್ರೀ. ಬರೀ ಬಟ್ಟೆ ಒಟ್ಟಿದರೆ ಹುಡುಗಿ ಹತ್ತಿದ ಕೂಡಲೇ ಗುಡ್ಡ ಕುಸಿಯುತ್ತದೆ. ಅದಕ್ಕೆ ಒಳಗೆ ಕಟ್ಟಿಗೆ ಪೆಟ್ಟಿಗೆ, ರಟ್ಟಿನ ಡಬ್ಬಿ; ಮೇಲೆ ಮಾತ್ರ ಬಟ್ಟೆ. ಕ್ಯಾಮೆರಾ ನೆಲಕ್ಕಿಳಿಸಿ ಅಗಲ ನೋಟದ 24 ಎಂಎಂ ಲೆನ್ಸ್ ಹಾಕಿದರೆ ಸೊಂಟದೆತ್ತರದ ರಾಶಿಯೇ ಸಹ್ಯಾದ್ರಿ. ಹುಡುಗಿಯ ಅಂಗಿ ದೊಗಳೆಯಾದರೆ ಬೆನ್ನಿಗೆ ನಾಲ್ಕು ಕ್ಲಿಪ್ಪು. ಬೆಲೆಚೀಟಿ ಕತ್ತರಿಸುವಂತಿಲ್ಲ, ಒಳಗೆ ತುರುಕಬೇಕು. ಬೂಟಿನ ಅಟ್ಟೆಗೆ ಮಾಸ್ಕಿಂಗ್ ಟೇಪ್, ಯಾಕೆಂದರೆ ಸಂಜೆಗೆ ಎಲ್ಲವೂ ಹೊಚ್ಚ ಹೊಸದಾಗಿ ಅಂಗಡಿಗೆ ಮರಳಬೇಕು. ನಮ್ಮ ಕಡೆಯ ಬಿಸಿಲಿಗೆ ಟೇಪ್ ಕಾದರೆ ಅಂಟು ಅಟ್ಟೆಯಲ್ಲೇ ಉಳಿದು, ಬೂಟೂ ಗುಡ್ಡಕ್ಕೆ ಸೇರುತ್ತದೆ.

ಸ್ಟುಡಿಯೋದಲ್ಲಾದರೆ ಹಿನ್ನೆಲೆಗೆ ಕಾಗದದ ಸುರುಳಿ: 2.72 ಮೀಟರ್ ಅಗಲ, 11 ಮೀಟರ್ ಉದ್ದ. ಹೆಜ್ಜೆ ಗುರುತು ಬಿದ್ದಷ್ಟನ್ನು ಕತ್ತರಿಸಿ ಎಸೆದು ಹೊಸದನ್ನು ಎಳೆದುಕೊಳ್ಳುವುದು ಪದ್ಧತಿ. ಕಸದ ಬಗ್ಗೆ ಜಾಗೃತಿ ಮೂಡಿಸುವ ಫೋಟೋದಲ್ಲಿ ಕಸ ಕಂಡರೆ ಹೇಗೆ?

ಇದಕ್ಕೆ ಘನವಾದ ಪರಂಪರೆಯಿದೆ. 2011ರಲ್ಲಿ ಪ್ಯಾಟಗೋನಿಯಾ ಎಂಬ ಅಮೆರಿಕದ ಉಡುಪು ಕಂಪನಿ ‘ಈ ಜಾಕೆಟ್ ಕೊಳ್ಳಬೇಡಿ’ ಎಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಹಾಕಿ, ಒಂದು ಜಾಕೆಟ್ಟಿಗೆ 135 ಲೀಟರ್ ನೀರು ಬೇಕೆಂದು ತಾನೇ ಬರೆದುಕೊಂಡಿತು. ಜಾಕೆಟ್ ಮಾರುವುದನ್ನೇನೂ ನಿಲ್ಲಿಸಲಿಲ್ಲ. 2017ರಲ್ಲಿ ಸ್ಟೆಲ್ಲಾ ಮೆಕಾರ್ಟ್ನಿ ಫ್ಯಾಷನ್ ಕಂಪನಿಯ ರೂಪದರ್ಶಿಗಳು ಸ್ಕಾಟ್ಲೆಂಡಿನ ಕಸದ ತಿಪ್ಪೆಯ ಮೇಲೆ ಹೊಸ ಉಡುಪು ತೊಟ್ಟು ಮಲಗಿದರು. ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಿದ್ದು ವೋಗ್ ಇಟಾಲಿಯಾ ಫ್ಯಾಷನ್ ಪತ್ರಿಕೆ: 2019ರ ಸೆಪ್ಟೆಂಬರ್ ಸಂಚಿಕೆಯ ಫೋಟೋಗಳಿಗೆ 150 ಜನ, ಸುಮಾರು 20 ವಿಮಾನ ಪ್ರಯಾಣ, ಕಾಯುತ್ತ ನಿಂತ 40 ಕಾರು, 60 ವಿದೇಶಿ ಪಾರ್ಸಲ್ಲು. ಪ್ರಾಯಶ್ಚಿತ್ತಕ್ಕೆ 2020ರ ಜನವರಿ ಸಂಚಿಕೆಯಲ್ಲಿ ಫೋಟೋ ಬಿಟ್ಟು ಕೈಯಲ್ಲಿ ಬರೆದ ಚಿತ್ರ ಹಾಕಿತು. ಏಕಾದಶಿ ಮುಗಿದ ಮೇಲೆ ಪಾರಣೆ ಇದ್ದದ್ದೇ.

ಹಳೇ ಬಟ್ಟೆ ಎಸೆಯದೆ ಬಳಸುವುದಕ್ಕೆ ನಮ್ಮಲ್ಲಿ ಕೌದಿ ಎನ್ನುತ್ತಿದ್ದರು. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಗಳನ್ನು ಪದರ ಹಾಕಿ, ಮೇಲೆ ತುಂಡುಬಟ್ಟೆ ಕೂಡಿಸಿ, ಅಂಚಿನಿಂದ ನಡುವಿನತ್ತ ಸಾಲುಹೊಲಿಗೆ. ಒಳಗೆ ಪಾಲಿಯೆಸ್ಟರ್ ಹಾಕಿದರೆ ಪದರ ಜಾರುತ್ತದೆ, ಬೆವರೂ ಹೀರುವುದಿಲ್ಲ. ಈಗ ಮನೆತುಂಬ ಇರುವುದು ಅದೇ. ಕೌದಿ ಹೊಲಿಯುವ ಮುದುಕಿ ಏನು ಮಾಡಬೇಕು? ಕೌದಿಯೂ ಸವೆದರೆ ಕಾಲೊರಸು. ಆಮೇಲೆ ಒಲೆಯ ಮುಂದಿನ ಮಸಿಬಟ್ಟೆ. ಒಬ್ಬರೂ ಫೋಟೋ ತೆಗೆಯಲಿಲ್ಲ, ಅದೊಂದೇ ತಪ್ಪು.

ಇಳಕಲ್ ಸೀರೆಯದಂತೂ ಇನ್ನೂ ಹಿಂದುಳಿದ ತಂತ್ರಜ್ಞಾನ. ಒಡಲಿನ ಹಾಸು (ಮಗ್ಗಕ್ಕೆ ಉದ್ದುದ್ದ ಕಟ್ಟುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಹೀಗಾಗಿ ಒಂದು ಸೀರೆಗೆ ಒಂದು ಹಾಸು. ಉದ್ದಕ್ಕೆ ಹಾಸು ಸುತ್ತಿಟ್ಟು ಸಾಲಾಗಿ ಸೀರೆ ನೇಯ್ದು ಗುಡ್ಡ ಹಾಕೋಣವೆಂದರೆ ಮಗ್ಗವೇ ಒಪ್ಪುವುದಿಲ್ಲ. ಕ್ಯಾಮೆರಾಕ್ಕೂ ಇದು ಸಲೀಸಲ್ಲ: ದಡಿಯ ಸಣ್ಣ ನೇಯ್ಗೆಯೂ ಸೆನ್ಸರಿನ ಚುಕ್ಕಿಗಳೂ ತಾಕಲಾಡಿ, ಸೀರೆಯಲ್ಲಿ ಇಲ್ಲದ ಅಲೆಗಳು ಚಿತ್ರದಲ್ಲಿ ಏಳುತ್ತವೆ. ಒಂದು ಹೆಜ್ಜೆ ಹಿಂದೆ ಸರಿದರೆ ಅಥವಾ ಕೋನ ತುಸು ಬದಲಿಸಿದರೆ ಹೋಗುತ್ತದೆ. ಎಡಿಟಿಂಗ್‌ನಲ್ಲಿ ಶಾರ್ಪ್ ಮಾಡಲು ಹೋದರೆ ದಡಿಗೆ ಸಿಡುಬು ಎದ್ದಂತೆ ಕಾಣುತ್ತದೆ.

ಆದರೂ ಜಾಹೀರಾತಿನವರು ‘ನಿಧಾನ ಫ್ಯಾಷನ್’ (ಕಡಿಮೆ ಕೊಂಡು ಬಹುಕಾಲ ಉಡುವುದು) ಎಂದು ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದ ಮನೆಗೇ ಬರುತ್ತಾರೆ. ನೇಕಾರನಿಗೆ ಕೂಲಿ ಸಿಗುವುದು ಸೀರೆ ಲೆಕ್ಕದಲ್ಲಿ. ದೀಪ ಹೊಂದಿಸಲು ಎರಡು ತಾಸು ಲಾಳಿ ನಿಂತರೆ ಆ ಎರಡು ತಾಸಿನ ಕೂಲಿ ಹೋಯಿತು. ಅದನ್ನು ಕೊಡಬೇಕೆಂದು ನೂರು ಜನರ ತಂಡದಲ್ಲಿ ಒಬ್ಬನಿಗೂ ಹೊಳೆಯುವುದಿಲ್ಲ. ಆ ಫೋಟೋ ತೋರಿಸಿ ಮಾರುವುದು ಇಳಕಲ್ ದಡಿಯನ್ನು ಅಚ್ಚು ಹೊಡೆದ ಪಾಲಿಯೆಸ್ಟರ್. ಇದಕ್ಕೆ ನಗುವುದೂ ಸಾಕಾಗಿದೆ. ಕಳ್ಳತನ ಇದು, ಬೆಳಕು ಚೆನ್ನಾಗಿದೆ ಅಷ್ಟೇ.

‘ಅಜ್ಜಾ, ಸ್ವಲ್ಪ ದುಃಖದಿಂದ ನೋಡ್ರಿ.’

‘ಯಾಕ್ರೀ? ಸೀರಿ ನೀವೂ ತಗೊಳ್ಳೂದಿಲ್ಲೇನು?’