ಕೊಲ್ಯಾಬರೇಟೂ ಮುಯ್ಯಾಳೂ

ಅಕ್ಕನ ಮಗಳು ಬೆಂಗಳೂರಲ್ಲಿ ಕೆಲಸ ಹುಡುಕುತ್ತಿದ್ದಾಳೆ. ಕಳೆದ ವಾರ ವಾಟ್ಸಾಪ್‌ನಲ್ಲಿ ಬಯೋಡೇಟಾ ಕಳಿಸಿ, "ಮಾವ, ಇಂಗ್ಲಿಷ್ ಸ್ವಲ್ಪ ನೋಡಿಕೊಡಿ" ಅಂದಳು. ಎರಡು ಪುಟದಲ್ಲಿ ಐದು ಕಡೆ 'ಕೊಲ್ಯಾಬರೇಟೆಡ್'! ಮ್ಯಾನೇಜರ್ ಜೊತೆ ಕೊಲ್ಯಾಬರೇಟ್ ಮಾಡಿದ್ದಾಳೆ, ಗ್ರಾಹಕರ ಜೊತೆ ಮಾಡಿದ್ದಾಳೆ. ಒಂದು ಕಡೆಯಂತೂ 'ಕೊಲ್ಯಾಬರೇಟೆಡ್ ಟುಗೆದರ್' ಅಂತಿದೆ. ಜೊತೆಯಾಗಿ ಒಟ್ಟಿಗೆ ಕೂಡಿ ಮಾಡಿದೆ ಅಂದ ಹಾಗಾಯ್ತು.

ಫೋನ್ ಮಾಡಿದೆ. "ಮ್ಯಾನೇಜರ್ ಜೊತೆ ಏನು ಮಾಡಿದೆ ಮಾರಾಯ್ತಿ?"

"ಅವರು ಕೊಟ್ಟ ಲೆಕ್ಕಾನ ಎಕ್ಸೆಲ್‌ಗೆ ತುಂಬಿಸಿದೆ ಮಾವ. ಎಲ್ಲರೂ ಹಂಗೇ ಹಾಕ್ತಾರೆ."

ಹಾಕ್ತಾರೆ, ನಿಜ. ಇನ್‌ಸ್ಟಾಗ್ರಾಮ್ ಬಂದ ಮೇಲೆ ಅದು 'ಕೊಲ್ಯಾಬ್' ಆಗಿ ಸಾಗರದ ಬಸ್‌ಸ್ಟ್ಯಾಂಡ್‌ವರೆಗೂ ಬಂದಿದೆ. ಆದರೆ ಹೇಳಿದ ಕೆಲಸ ಮಾಡಿಕೊಡೋದು ಕೊಲ್ಯಾಬರೇಟ್ ಅಲ್ಲ. ಅದು ಬೇಕಾದರೆ ಕೋಆಪರೇಟ್. ಎರಡೂ ಲ್ಯಾಟಿನ್ನಿಂದ ಬಂದವು, ಎರಡರ ಮೂಲದಲ್ಲೂ 'ಜೊತೆ' ಇದೆ, 'ದುಡಿಮೆ' ಇದೆ. ಬಳಕೆಯಲ್ಲಿ ಮಾತ್ರ ದಾರಿ ಬೇರೆ. ಕೋಆಪರೇಟ್ ಅಂದರೆ ಎಷ್ಟೋ ಸಲ ಅಡ್ಡಿ ಮಾಡದೆ ಇರೋದು ಅಷ್ಟೇ. ಪೇಪರಿನಲ್ಲಿ ನೋಡಿರ್ತೀರಿ: ನಾಳೆ ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇರುವುದಿಲ್ಲ, ಸಾರ್ವಜನಿಕರು ಸಹಕರಿಸಬೇಕು. ನಾವು ಏನು ಮಾಡ್ತೀವಿ? ಮಿಕ್ಸಿ ಬಿಟ್ಟು ಒರಳಲ್ಲಿ ಚಟ್ನಿ ರುಬ್ಬಿ ಸುಮ್ನೆ ಕೂರ್ತೀವಿ. ಸಹಕರಿಸಿದ್ದಾಯ್ತು.

ಕೊಲ್ಯಾಬರೇಟ್ ಏನು ಅಂತ ಅವಳಿಗೆ ಕೊನೆ ಕೊಯ್ಲಿನ ಲೆಕ್ಕದಲ್ಲಿ ಹೇಳಿದೆ. ಕೊನೆ ಅಂದರೆ ಅಡಿಕೆ ಗೊನೆ. ಕೊನೆಗಾರ ಅಡಿಕೆ ಮರದ ತುದಿಯಲ್ಲಿರ್ತಾನೆ. ಕೊನೆ ಕಿತ್ತು ಹಗ್ಗದ ಮೇಲೆ ಜಾರಿಸ್ತಾನೆ. ಕೆಳಗೆ ಇನ್ನೊಬ್ಬ ಹಗ್ಗದ ತುದಿ ಹಿಡಿದು, ಕತ್ತು ಎತ್ತಿಕೊಂಡೇ ನಿಂತಿರ್ತಾನೆ. ಹಗ್ಗ ಸಡಿಲ ಬಿಟ್ಟರೆ ಕೊನೆ ನೆಲಕ್ಕೆ ಬಡಿದು ಅಡಿಕೆ ಚೆಲ್ಲಾಪಿಲ್ಲಿ. ಜಾಸ್ತಿ ಜಗ್ಗಿದರೆ ಮೇಲಿನವನ ಬೈಗುಳ. ಮೇಲಿನವನಿಲ್ಲದೆ ಕೆಳಗಿನವನಿಲ್ಲ, ಕೆಲಸ ಇಬ್ಬರದೂ. ಅವರು ಕೊಲ್ಯಾಬರೇಟ್ ಮಾಡ್ತಿದ್ದಾರೆ. ಕಾಲುವೆ ಪಕ್ಕ ನಿಂತು "ನಿಧಾನ, ನಿಧಾನ" ಅನ್ನೋ ನಾನು ಹೆಚ್ಚೆಂದರೆ ಸಹಕರಿಸ್ತಿದ್ದೇನೆ.

ವ್ಯಾಕರಣ ಜಾಸ್ತಿ ಇಲ್ಲ. ಯಾರ ಜೊತೆ ಅನ್ನೋದಕ್ಕೆ 'ವಿತ್', ಯಾವ ಕೆಲಸದಲ್ಲಿ ಅನ್ನೋದಕ್ಕೆ 'ಆನ್'. 'ಟುಗೆದರ್' ಬೇಡ.

ಈ ಪದಕ್ಕೆ ಒಂದು ಕೆಟ್ಟ ಕಾಲವೂ ಬಂದಿತ್ತು. 1940ರಲ್ಲಿ ಜರ್ಮನಿ ಫ್ರಾನ್ಸನ್ನು ಗೆದ್ದುಕೊಂಡಿತು. ಆ ಅಕ್ಟೋಬರಿನಲ್ಲಿ ಸೋತ ಫ್ರಾನ್ಸಿನ ಮುಖ್ಯಸ್ಥ ಮಾರ್ಷಲ್ ಪೆತೇನ್ ಹಿಟ್ಲರನ ಕೈಕುಲುಕಿ ಬಂದು, ಇನ್ನು ನಮ್ಮದು 'ಕೊಲಾಬೊರಾಸಿಯೋಂ' ದಾರಿ ಅಂತ ರೇಡಿಯೋದಲ್ಲಿ ಹೇಳಿದ. ಅಲ್ಲಿಂದ 'ಕೊಲ್ಯಾಬರೇಟರ್' ಅಂದರೆ ವೈರಿಯ ಜೊತೆ ಸೇರಿದ ದ್ರೋಹಿ ಅನ್ನೋ ಅರ್ಥವೂ ಅಂಟಿಕೊಂಡಿತು. ಯುದ್ಧ ತಿರುಗಿದ ಮೇಲೆ ಆ ಹೆಸರು ಹೊತ್ತ ಹೆಂಗಸರ ತಲೆ ಬೋಳಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿದರು. ಹಾಗಾಗಿ ಬರೀ 'ಕೊಲ್ಯಾಬರೇಟರ್' ಅಂತ ಬರೆಯುವಾಗ ಯಾರ ಜೊತೆ, ಯಾವುದಕ್ಕೆ ಅಂತ ಸೇರಿಸೋದು ಒಳ್ಳೇದು.

ಈ ಪದದ ಕಥೆ ಓದುವಾಗ ನನಗೆ ನೆನಪಾಗಿದ್ದು ನಮ್ಮ 'ಮುಯ್ಯಿ'. ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮನೆಯವರು, ನಾಡಿದ್ದು ನಮ್ಮ ಗದ್ದೆಗೆ ನಿಮ್ಮನೆಯವರು, ಅದು ಮುಯ್ಯಾಳು. ಕೂಲಿ ಇಲ್ಲ, ಬರೆದಿಟ್ಟ ಲೆಕ್ಕ ಇಲ್ಲ. ಆದರೆ ಯಾರಿಗೂ ಮರೆತು ಹೋಗೋದಿಲ್ಲ. ಮದುವೆ ಮನೆಯ ಉಡುಗೊರೆಯೂ ಮುಯ್ಯಿ. ಹಗೆ ತೀರಿಸೋದೂ ಮುಯ್ಯಿಯೇ! ಒಳ್ಳೇದಾಗಲಿ ಕೆಟ್ಟದಾಗಲಿ, ಕೊಟ್ಟಿದ್ದು ವಾಪಸ್ ಬರುತ್ತೆ ಅನ್ನೋದು ಆ ಪದದ ಒಳಗೇ ಕೂತಿದೆ. ಇಂಗ್ಲಿಷಿನ ಪದದಲ್ಲಿ ಈ ಬಾಕಿಯ ವಾಸನೆಯೇ ಇಲ್ಲ. ಅದಕ್ಕೇ ಅದನ್ನ ಅಷ್ಟು ಸಲೀಸಾಗಿ ಎಲ್ಲ ಕಡೆ ಚೆಲ್ಲಬಹುದು ಅಂತ ನನ್ನ ಗುಮಾನಿ. ಹಿಂದೊಮ್ಮೆ ನಾನು ಒಂದೂವರೆ ತಿಂಗಳು ರಾತ್ರಿ ಕೂತು ಬರೆದ ವರದಿ ಅಚ್ಚಾದಾಗ, ಇನ್ನೊಬ್ಬರ ಹೆಸರು ಮೇಲೆ ದಪ್ಪಕ್ಷರದಲ್ಲಿತ್ತು, 'ಕೊಲ್ಯಾಬರೇಷನ್' ಅಂತ ನನ್ನ ಹೆಸರು ಕೆಳಗೆ ಇರುವೆ ಸಾಲಿನ ಹಾಗಿತ್ತು. ಆ ಸಿಟ್ಟೂ ಇಲ್ಲಿ ಸೇರಿರಬಹುದು, ಇರಲಿ.

ಐದರಲ್ಲಿ ನಾಲ್ಕು ತೆಗೆಸಿದೆ. ಲೆಕ್ಕ ತುಂಬಿಸಿದ್ದಕ್ಕೆ ಲೆಕ್ಕ ತುಂಬಿಸಿದೆ ಅಂತಲೇ ಬರೆದಳು. ಒಂದು ಮಾತ್ರ ಉಳಿಯಿತು. ಕಾಲೇಜಲ್ಲಿ ಗೆಳತಿಯ ಜೊತೆ ಅಡಿಕೆ ಒಣಗಿಸೋ ಪೆಟ್ಟಿಗೆ ಮಾಡಿದ್ದಳಂತೆ. ಫ್ಯಾನ್ ಎಲ್ಲಿಡಬೇಕು ಅಂತ ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರಂತೆ. ಅದು ಸರಿಯಾದ ಕೊಲ್ಯಾಬರೇಟ್ ಅಂದೆ.

"ಮಾವ, ನೀವು ಇಷ್ಟು ತಿದ್ದಿಕೊಟ್ಟಿರಲ್ಲ, ಇದಕ್ಕೆ ಏನಂತಾರೆ?"

"ಮುಯ್ಯಾಳು. ಡಿಸೆಂಬರಲ್ಲಿ ಅಡಿಕೆ ಸುಲಿಯೋಕೆ ಬಾ."

ರಜೆ ಸಿಕ್ಕಿದರೆ ನೋಡ್ತಾಳಂತೆ.