ಮಕ್ಕಳು ಸೋಲುವುದು ಅರ್ಜಿ ತುಂಬುವಾಗ

ಬಡ ಮಕ್ಕಳು ಯೂನಿವರ್ಸಿಟಿ ಮೆಟ್ಟಿಲು ಹತ್ತಬೇಕಾದರೆ ನಿವೃತ್ತರು ಮೊದಲು ಅವರಲ್ಲಿ ಆತ್ಮವಿಶ್ವಾಸ ತುಂಬಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಹಾವೇರಿ ಕಡೆ ಹೈಸ್ಕೂಲ್ ಮಾಸ್ತರನಾಗಿದ್ದವನು ನಾನು. ನಮ್ಮ ಹಳ್ಳಿ ಮಕ್ಕಳಿಗೆ ಛಲ ಬೇಕಾದಷ್ಟಿದೆ. ಎಡವುವುದು ಅರ್ಜಿಯಲ್ಲಿ.

ಸಿಇಟಿ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲೇ ಓದಿದ ಹುಡುಗಿಯೊಬ್ಬಳ ಅರ್ಜಿಯಲ್ಲಿ ಎರಡೂ ಕಡೆ ‘ಇಲ್ಲ’ ಅಂತ ಇತ್ತು. ಸೈಬರ್ ಸೆಂಟರಿನವರು ಕೇಳಲಿಲ್ಲ, ಇವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳೋಣ ಅಂದರೆ ಕಾಲೇಜು ಕಂಡವರೇ ಇಲ್ಲ. ಇನ್ನು ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಅದರ ಮೇಲಿನ ಆರ್‌ಡಿ ನಂಬರ್ ಎಂಬ ಸಂಖ್ಯೆ. ಅಪ್ಪ ಅಂಕಪಟ್ಟಿಯಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ! ತಿದ್ದಲು ಅವಕಾಶ ಕೊಟ್ಟ ದಿನಗಳಲ್ಲಿ ಪಕ್ಕದಲ್ಲಿ ಕೂತು ಎಲ್ಲ ಸರಿ ಮಾಡಿಸಬೇಕಾಯಿತು.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸೀಟಿಗೆ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಪ್ರಾಯೋಗಿಕ ಪರೀಕ್ಷೆಯೂ ಇದೆ. ಹೊಲದಲ್ಲೇ ಬೆಳೆದ ಹುಡುಗರೇ ಅದರ ಅರ್ಜಿ ಬಿಟ್ಟುಬಿಡುತ್ತಾರೆ. ಹೊಟ್ಟೆ ಉರಿಯುತ್ತೆ ನೋಡಿ.

ನೀವು ನಿವೃತ್ತ ಪ್ರಾಧ್ಯಾಪಕರ ಬಗ್ಗೆಯೇ ಜಾಸ್ತಿ ಬರೆದಿದ್ದೀರಿ. ಹುಬ್ಬಳ್ಳಿ-ಧಾರವಾಡದಲ್ಲಿ ನಿವೃತ್ತ ಬ್ಯಾಂಕ್ ಗುಮಾಸ್ತರು, ರೈಲ್ವೆಯವರು, ತಹಶೀಲ್ದಾರ್ ಕಚೇರಿಯಲ್ಲಿ ದುಡಿದವರು ಎಷ್ಟಿಲ್ಲ? ಕಾಗದಪತ್ರ ಬಲ್ಲವರು ಅವರೇ ಅಲ್ವಾ! ಬೇಕಾದ ಕಾಲೇಜು, ಕೋರ್ಸು ಆರಿಸಿ ತುಂಬುವ ಆಪ್ಷನ್ ಎಂಟ್ರಿ ಇರುವ ವಾರ ಸರ್ಕಾರಿ ಪಿಯು ಕಾಲೇಜಿಗೆ ಬಂದು ಕೂರಲಿ.