ಎಷ್ಟು ಕೊಡುತ್ತೆ?

ಮದುವೆ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಪಕ್ಕದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸುತ್ತಿದ್ದವರೊಬ್ಬರು ತಿರುಗಿ, "ಆ ಬಿಳಿ ಕಾರು ನಿಮ್ಮದೇ ಅಲ್ವಾ ಸಾರ್? ಎಷ್ಟು ಕೊಡುತ್ತೆ?" ಅಂದರು. ಅವರು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ನನಗೆ ಗೊತ್ತಿಲ್ಲ. ನನ್ನ ಹೆಸರು ಅವರಿಗೆ ಗೊತ್ತಿಲ್ಲ. ಹೆಸರು, ಊರು, ಮಕ್ಕಳೆಷ್ಟು ಇವೆಲ್ಲ ಆಮೇಲೆ. ಮೊದಲು ಮೈಲೇಜು.

"ಹದಿನಾರು, ಹದಿನೇಳು" ಅಂದೆ.

"ಅಯ್ಯೋ, ಕಮ್ಮಿ ಆಯ್ತು. ನಮ್ಮದು ಇಪ್ಪತ್ತೆರಡು ಕೊಡುತ್ತೆ" ಅಂತ ಕೈ ಒರೆಸಿಕೊಂಡು ಬೀಡಾ ಕಡೆ ಹೊರಟೇಬಿಟ್ಟರು.

ನನ್ನದಕ್ಕಿಂತ ಕಮ್ಮಿ ಕೊಡುವ ಕಾರಿನ ಮಾಲೀಕರನ್ನು ನಾನು ಈವರೆಗೆ ನೋಡಿಲ್ಲ. ಎಲ್ಲರದೂ ಇಪ್ಪತ್ತರ ಮೇಲೆ. ಕೆಲವರದು ಎ.ಸಿ. ಹಾಕಿಕೊಂಡು, ಐದು ಜನ ಕೂತು, ಚಾರ್ಮಾಡಿ ಘಾಟಿ ಹತ್ತುವಾಗಲೂ ಇಪ್ಪತ್ತರ ಮೇಲೆ. ಇವರು ಹೇಳುವುದೆಲ್ಲ ನಿಜವಾಗಿದ್ದರೆ ಬಂಕಿನವರು ಎಂದೋ ಬಾಗಿಲು ಹಾಕಿಕೊಂಡು ಹೋಗಬೇಕಿತ್ತು. ನನ್ನ ಹತ್ತಿರ ಒಂದು ಹಳೇ ಡೈರಿ ಇದೆ. ಕಾರಿಗೆ ಹಾಕಿದ ದುಡ್ಡನ್ನೆಲ್ಲ ಅದರಲ್ಲಿ ಬರೆದಿಡುತ್ತೇನೆ. ಒಂದು ಕಡೆ ಪೆಟ್ರೋಲು, ಇನ್ನೊಂದು ಕಡೆ ರಿಪೇರಿ. ಮೇಷ್ಟ್ರಾಗಿದ್ದವನಿಗೆ ಈ ಗೆರೆ ಹಾಕುವ ಅಭ್ಯಾಸ ಬಿಟ್ಟು ಹೋಗುವುದಿಲ್ಲ. ಓಡುವ ಕಾರಿಗೆ ಖರ್ಚು ಜಾಸ್ತಿಯೋ, ನಿಂತ ಕಾರಿಗೆ ಖರ್ಚು ಜಾಸ್ತಿಯೋ ಅನ್ನುವುದಕ್ಕೆ ಆ ಡೈರಿಯಲ್ಲಿ ಉತ್ತರ ಇದೆ.

ಮೊದಲೆಲ್ಲ ಪೆಟ್ರೋಲ್ ದರ ಏರುವುದಕ್ಕೂ ಒಂದು ಮರ್ಯಾದೆ ಇತ್ತು. ರಾತ್ರಿ ಟಿ.ವಿ.ಯಲ್ಲಿ "ಮಧ್ಯರಾತ್ರಿಯಿಂದ ಪೆಟ್ರೋಲ್ ದುಬಾರಿ" ಅಂತ ಹೇಳಿ ಏರಿಸುತ್ತಿದ್ದರು. ಅರ್ಧ ಊಟ ಬಿಟ್ಟು ಬೀದಿಯೆಲ್ಲ ಬಂಕಿಗೆ ಓಡುತ್ತಿತ್ತು. ಲೀಟರಿಗೆ ಒಂದೂವರೆ ರೂಪಾಯಿ ಉಳಿಸಲು ಮುಕ್ಕಾಲು ಗಂಟೆ ಕ್ಯೂ, ಅದೂ ಇಂಜಿನ್ ಆಫ್ ಮಾಡದೆ. 2017ರ ಜೂನ್ 16ರಿಂದ ಆ ಸಡಗರವೂ ಹೋಯಿತು. ಈಗ ಇಡೀ ದೇಶದಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ದರ ನಿಗದಿಯಾಗುತ್ತದೆ. ನಾವು ಹಲ್ಲುಜ್ಜುವ ಹೊತ್ತಿಗೆ ಐದು ಪೈಸೆ, ಹತ್ತು ಪೈಸೆ ಅಂತ ಸದ್ದಿಲ್ಲದೆ ಹತ್ತಿಸಿ ಹತ್ತಿಸಿ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ನೂರು ದಾಟಿಸಿದರು. ಆಮೇಲೆ ಕೇಂದ್ರದವರು ಸ್ವಲ್ಪ ಇಳಿಸಿದರು, ರಾಜ್ಯದವರೂ ಇಳಿಸಿದರು. 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಏರಿ ಒಂದೇ ಏಟಿಗೆ ಮೂರು ರೂಪಾಯಿ ಮತ್ತೆ ಹತ್ತಿತು. ಯಾವ ಪಕ್ಷದವರಾದರೂ ಎದುರಾಳಿ ಏರಿಸಿದಾಗ ಮಾತ್ರ ಎತ್ತಿನಗಾಡಿ ಹತ್ತುತ್ತಾರೆ. ಅದೊಂದು ಆಟ, ಬಿಡಿ.

ಈಗ ಪೆಟ್ರೋಲಿಗೆ ಎಥನಾಲ್ ಬೇರೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುವ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಮಂಡ್ಯದ ಕಡೆ ಹೋದಾಗಲೆಲ್ಲ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು ಫಸ್ಟ್ ಗೇರಿನಲ್ಲಿ ತೆವಳುತ್ತಾ, ಮುಂದಿರುವ ಈ ಕಬ್ಬೇ ಒಂದು ದಿನ ನನ್ನ ಟ್ಯಾಂಕಿಗೂ ಬರಬಹುದಲ್ಲ ಅಂದುಕೊಳ್ಳುತ್ತೇನೆ. ರೈತನಿಗೆ ಒಳ್ಳೆಯದಾದರೆ ಸಂತೋಷವೇ. ಆದರೆ ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಗೆ ಹೋಲಿಸಿದರೆ ಲೀಟರ್ ಎಥನಾಲಿನಲ್ಲಿರುವುದು ಸುಮಾರು ಮೂರನೇ ಎರಡು ಪಾಲು. ಮೈಲೇಜ್ ಇಳಿಯದೆ ಇನ್ನೇನಾಗುತ್ತೆ? ದರ ಮಾತ್ರ ಪೂರ್ತಿ ಪೆಟ್ರೋಲಿನದೇ. ಇದನ್ನು ಬಂಕಿನ ಹುಡುಗನ ಹತ್ತಿರ ಹೇಳಿದರೆ "ಸಾರ್, ಝೀರೋ ನೋಡ್ಕೊಳ್ಳಿ" ಅನ್ನುತ್ತಾನೆ. ಗಾಳಿ ಕೇಳಿದರೆ ಮೆಷಿನ್ ಕೆಟ್ಟಿದೆ ಅನ್ನುತ್ತಾನೆ. ಬಂಕಿನಲ್ಲಿ ಪುಕ್ಕಟೆ ಸಿಗಬೇಕಾದದ್ದರಲ್ಲಿ ಅದೂ ಒಂದು, ಕೆಡುವುದು ಮಾತ್ರ ಅದೊಂದೇ.

ಇದೆಲ್ಲ ಸಾಕಾಗಿ ಕಾರು ಓಡಿಸುವುದನ್ನೇ ಕಮ್ಮಿ ಮಾಡಿದೆ. ಅದೂ ಅಲ್ಲದೆ 2023ರ ಜೂನ್‌ನಲ್ಲಿ 'ಶಕ್ತಿ' ಬಂತು. ನಮ್ಮ ಮನೆಯವರಿಗೆ ಬಸ್ಸು ಪುಕ್ಕಟೆ. "ನಿಮ್ಮ ಕಾರಲ್ಲಿ ಹೋದರೆ ದಾರಿಯುದ್ದಕ್ಕೂ ಪೆಟ್ರೋಲಿನ ಮಾತು. ಬಸ್ಸಲ್ಲಿ ನೆಮ್ಮದಿಯಾಗಿ ಹೋಗ್ತೀನಿ ರೀ" ಅಂತ ಅವರು ಆಧಾರ್ ಕಾರ್ಡ್ ತಗೊಂಡು ಹೊರಟರು. ಕಾರು ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ನಿಂತಿತು.

ನಿಂತ ಕಾರನ್ನು ಯಾರೂ ಸುಮ್ನೆ ಬಿಡುವುದಿಲ್ಲ. ಮೊದಲು ಬ್ಯಾಟರಿ ಕೂತಿತು. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಮೆಕ್ಯಾನಿಕ್ ಬಂದು ಸ್ಕ್ಯಾನರ್ ಚುಚ್ಚಿದ. ಅದರಲ್ಲಿ ಏನೋ ನಂಬರ್ ಬಂತು. ಅದನ್ನು ಬದಿಗಿಟ್ಟು ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, "ಮನೆ ಮಾಡ್ಕೊಂಡಿದೆ ಸಾರ್" ಅಂದ.

ಬಗ್ಗಿ ನೋಡಿದೆ. ಏರ್ ಫಿಲ್ಟರ್ ಡಬ್ಬಿಯ ಹಿಂದೆ ಹತ್ತಿ, ದಾರ, ಬಾನೆಟ್ಟಿನ ಅಡಿಯಿಂದ ಕಿತ್ತ ಸ್ಪಂಜು, ಎಲ್ಲ ಸೇರಿಸಿ ಮೆತ್ತನೆಯ ಹಾಸಿಗೆ. ಹಾಸಿಗೆಯ ಪಕ್ಕದಲ್ಲಿ ಒಣಕೊಬ್ಬರಿಯ ಚೂರು, ಅರ್ಧ ಚಪಾತಿ, ಆಯುಧಪೂಜೆಯ ಒಣಗಿದ ಚೆಂಡು ಹೂವು, ನಮ್ಮ ಮೊಮ್ಮಗಳ ಒಂದು ಕಾಲುಚೀಲ. ಆ ಕಾಲುಚೀಲಕ್ಕಾಗಿ ಮನೆಯಲ್ಲಿ ದೊಡ್ಡ ಜಗಳವೇ ಆಗಿತ್ತು. ಮೇಲ್ಗಡೆ ಮೂರು ವೈರು ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟಾಗಿ ತುಂಡಾಗಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿ ಕೂತಿದ್ದಾನೆ, ಒಳಗೆ ಅವನ ವಾಹನ ಊಟ ಮಾಡುತ್ತಿದೆ. ಯಾರಿಗೆ ದೂರು ಕೊಡುವುದು?

ಇಲಿಯ ಮುಂದಿನ ಹಲ್ಲು ಜೀವ ಇರುವವರೆಗೂ ಬೆಳೆಯುತ್ತದೆ. ಏನನ್ನಾದರೂ ಕಡಿದು ಸವೆಸಲೇಬೇಕು. ಅದರ ಕಷ್ಟ ನನಗೆ ಅರ್ಥವಾಗುತ್ತದೆ. ಮೂರು ವೈರಿಗೆ ಅಷ್ಟು ದುಡ್ಡು ಕೇಳಿದ ಮೆಕ್ಯಾನಿಕ್ಕಿನ ಕಷ್ಟ ಮಾತ್ರ ಅರ್ಥವಾಗಲಿಲ್ಲ. "ಮೂರೇ ವೈರು ಅಲ್ವೇನಪ್ಪಾ?" ಅಂದರೆ, "ಬಿಡಿ ಸಿಗಲ್ಲ ಸಾರ್, ಸೆಟ್ಟೇ ಬರೋದು. ಜಾಯಿಂಟ್ ಹಾಕ್ಕೊಡ್ತೀನಿ, ಆದ್ರೆ ಗ್ಯಾರಂಟಿ ಇಲ್ಲ" ಅಂದ. ಈ ಸೆಟ್ಟು ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕನ್ನಡಿಯ ಗಾಜು ಒಡೆದರೆ ಕನ್ನಡಿಯ ಸೆಟ್ಟು. ಬಾಗಿಲ ಹಿಡಿ ಮುರಿದರೆ ಲಾಕಿನ ಸೆಟ್ಟು. ಹಿಂದೆ ಗ್ಯಾರೇಜಿನವರು ವಾಷರ್ ಒಂದನ್ನು ಹುಡುಕಿ, ಉಜ್ಜಿ, ಕೂರಿಸಿ ಕೊಡುತ್ತಿದ್ದರು. ಅದನ್ನು ರಿಪೇರಿ ಅನ್ನುತ್ತಿದ್ದರು.

ಇಲಿಯ ಸುದ್ದಿ ಬೀದಿಗೆ ಗೊತ್ತಾಗಿದ್ದೇ ತಡ, ಎಲ್ಲರೂ ಒಂದೊಂದು ಮದ್ದು ಹೇಳಿದರು. ನುಸಿಗುಳಿಗೆ ಕಟ್ಟಿ. ಖಾರದಪುಡಿ ಎರಚಿ. ಬಾನೆಟ್ ತೆಗೆದಿಡಿ, ಇಲಿಗೆ ಕತ್ತಲೆ ಬೇಕು. ಬಾನೆಟ್ ತೆಗೆದಿಟ್ಟ ರಾತ್ರಿ, ಹೋಗುವ ಬರುವವರೆಲ್ಲ ಬೈಕ್ ನಿಲ್ಲಿಸಿ ಬೆಲ್ ಒತ್ತಿ "ಗಾಡಿ ಕೆಟ್ಟೋಯ್ತಾ ಸಾರ್? ತಳ್ಳಬೇಕಾ?" ಅಂತ ಕೇಳಿದರು. ಮೈಸೂರಿನ ಜನ ಒಳ್ಳೆಯವರು. ಹನ್ನೊಂದು ಗಂಟೆಯ ಮೇಲೆ ಅಷ್ಟು ಒಳ್ಳೆಯತನ ತಡೆಯುವುದು ಕಷ್ಟ. ಕೊನೆಗೆ ಎದುರುಮನೆಯ ನಿವೃತ್ತ ಇಂಜಿನಿಯರ್ ಬಂದು, "ಮೇಷ್ಟ್ರೇ, ಹೊಗೆಸೊಪ್ಪು ಕಟ್ಟಿ. ಅದರ ಘಾಟಿಗೆ ಯಾವ ಇಲಿಯೂ ಹತ್ತಿರ ಬರಲ್ಲ" ಅಂದರು.

ಹೊಗೆಸೊಪ್ಪು ನಮ್ಮ ಮನೆಗೆ ಹೊಸದಲ್ಲ. ನಮ್ಮಜ್ಜಿ ಹಾಕುತ್ತಿದ್ದಳು. ಹಿತ್ತಾಳೆಯ ಎಲೆಡಬ್ಬಿ, ಅದರ ಒಂದು ಖಾನೆಯಲ್ಲಿ ಸುಣ್ಣ, ಇನ್ನೊಂದರಲ್ಲಿ ಅಡಿಕೆ, ಮುಚ್ಚಳವಿದ್ದ ಖಾನೆಯಲ್ಲಿ ಹೊಗೆಸೊಪ್ಪು. ಊಟವಾದ ಮೇಲೆ ಗೋಡೆಗೆ ಒರಗಿ, ಕಾಲು ಚಾಚಿ, ಎಲೆಯ ತೊಟ್ಟು ಮುರಿದು ಬೆನ್ನಿಗೆ ಸುಣ್ಣ ಸವರಿ, ಕೊನೆಯಲ್ಲಿ ಉಗುರಿನಷ್ಟು ಸೊಪ್ಪು ಚಿವುಟಿ ದವಡೆಗೆ ಇಟ್ಟುಕೊಂಡಳೆಂದರೆ ಅರ್ಧ ಗಂಟೆ ಆ ಮನೆಯಲ್ಲಿ ಯಾರೂ ಯಾರನ್ನೂ ಬಯ್ಯುತ್ತಿರಲಿಲ್ಲ. ಸೊಪ್ಪು ಮುಗಿದ ದಿನ ಬೆಳಿಗ್ಗೆಯಿಂದಲೇ ಪಾತ್ರೆಗಳ ಸದ್ದು ಬೇರೆ. ಅಂಗಡಿಗೆ ಓಡುವ ಕೆಲಸ ನನ್ನದು. "ಹೋದ ಸಲದ್ದು ಸಪ್ಪೆ ಇತ್ತಂತೆ" ಅಂತ ಹೇಳು ಅಂತ ಹೇಳಿ ಕಳಿಸುತ್ತಿದ್ದಳು. ಶೆಟ್ಟರು ಬೇರೆ ಕಟ್ಟು ಬಿಚ್ಚಿ ಮೂಸಿ ಕೊಡುತ್ತಿದ್ದರು. ಅಜ್ಜಿ ತೊಂಬತ್ತು ದಾಟಿ ಬದುಕಿದಳು ಅಂತ ನಮ್ಮ ಚಿಕ್ಕಪ್ಪ ಹೊಗೆಸೊಪ್ಪಿಗೇ ಅದರ ಕೀರ್ತಿ ಕೊಡುತ್ತಿದ್ದರು. ಡಾಕ್ಟರ ಮುಂದೆ ಮಾತ್ರ ಈ ಮಾತು ಎತ್ತುತ್ತಿರಲಿಲ್ಲ.

ಅಂತೂ ಒಂದು ಬೆಳಿಗ್ಗೆ ದೇವರಾಜ ಮಾರುಕಟ್ಟೆಯ ಕಡೆ ಹೊರಟೆ. ಮೈಸೂರು ಜಿಲ್ಲೆಯಲ್ಲಿ ಹೊಗೆಸೊಪ್ಪಿಗೆ ಬರವೇ ಅಂತ ನೀವು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣದವರು ಬ್ಯಾರನ್ ಅನ್ನುವ ಒಣಗಿಸುವ ಮನೆಯಲ್ಲಿ ಹದ ಮಾಡಿ ಹರಾಜಿಗೆ ಹಾಕುವುದು ಸಿಗರೇಟಿಗೆ ಹೋಗುವ ಸೊಪ್ಪು. ಅಗಿಯುವ ಸೊಪ್ಪೇ ಬೇರೆ. ಚಿಗುರೆಲೆ, ಸುಣ್ಣ, ಅಡಿಕೆ ಎಲ್ಲ ಇಟ್ಟುಕೊಂಡಿದ್ದ ಒಬ್ಬರ ಮುಂದೆ ನಿಂತು ಸ್ವಲ್ಪ ದನಿ ತಗ್ಗಿಸಿ ಕೇಳಿದೆ.

"ಕಡ್ಡಿಪುಡಿನಾ, ಸೊಪ್ಪಾ?"

"ಸೊಪ್ಪು."

"ಘಾಟು ಎಷ್ಟಿರಲಿ? ಅಭ್ಯಾಸ ಇದೆಯಾ?"

"ನನಗಲ್ಲ" ಅಂದೆ.

ಹಾಗೆನ್ನುವವರನ್ನು ಅವರು ಜೀವಮಾನವೆಲ್ಲ ನೋಡಿರಬೇಕು. ಮುಖದಲ್ಲಿ ಏನೂ ಬದಲಾಗಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ "ಮೇಷ್ಟ್ರೇ, ನಮಸ್ಕಾರ" ಅಂತ ದನಿ. ನನ್ನ ಹಳೇ ವಿದ್ಯಾರ್ಥಿ, ಕೈಯಲ್ಲಿ ಮಲ್ಲಿಗೆ ಪೊಟ್ಟಣ. ತರಗತಿಯಲ್ಲಿ ಬೀಡಿ ಸಿಕ್ಕಿತೆಂದು ಇವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅವನು ನನ್ನನ್ನು ನೋಡಿದ, ತಕ್ಕಡಿಯಲ್ಲಿದ್ದ ಸೊಪ್ಪನ್ನು ನೋಡಿದ. "ಇಲಿಗೆ ಕಣಯ್ಯಾ" ಅಂದೆ. "ಹೌದು ಸಾರ್, ಹೌದು ಸಾರ್" ಅಂತ ತುಂಬಾ ಮೃದುವಾಗಿ ಹೇಳಿ ಹೋದ.

ಅಂಗಡಿಯವರು ಮಾತ್ರ ಆಗ ಮೊದಲ ಸಲ ತಲೆ ಎತ್ತಿದರು. "ಕಾರಿಗಾ? ಮೊದಲೇ ಹೇಳಬಾರದಾ. ಈಗ ಜಾಸ್ತಿ ಕಾರಿನೋರೇ ಸಾರ್ ಬರೋದು. ಹಾಕ್ಕೊಳ್ಳೋ ಮುದುಕೀರೆಲ್ಲ ಹೋದ್ರು." ಒಳಗಿನಿಂದ ಬೇರೆ ಕಟ್ಟು ತೆಗೆದು ಮೂಸಿ ನೋಡಿ, "ಇದು ತಗೊಳ್ಳಿ, ಇಲಿಗೆ ಇದು ಸಾಕು" ಅಂದರು.

ಬಟ್ಟೆಯಲ್ಲಿ ಗಂಟು ಕಟ್ಟಿ ಬಾನೆಟ್ಟಿನೊಳಗೆ ಅಲ್ಲಲ್ಲಿ ಸಿಕ್ಕಿಸಿದೆ. ಎ.ಸಿ. ಹಾಕಿದ ಕೂಡಲೇ ಒಳಗೆಲ್ಲ ನಮ್ಮಜ್ಜಿ. ನನಗೆ ಹಿತವಾಗಿಯೇ ಇತ್ತು. ಬೀಗರನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತರುವಾಗ ಅವರು ಇಡೀ ದಾರಿ ಕಿಟಕಿ ಇಳಿಸಿಕೊಂಡು ಕೂತರು. ಮನೆಗೆ ಬಂದು ನಮ್ಮ ಮನೆಯವರ ಹತ್ತಿರ ಪಿಸುಗುಟ್ಟಿದರು. ಇಲಿ ಹೋಯಿತೇ ಅಂತ ಕೇಳುತ್ತೀರಲ್ವಾ? ಮುಂದಿನ ಸರ್ವೀಸಿನಲ್ಲಿ ಮೆಕ್ಯಾನಿಕ್ ಬಾನೆಟ್ ಎತ್ತಿದಾಗ ಸೊಪ್ಪು ಹಾಗೇ ಇತ್ತು. ಕಟ್ಟಿದ್ದ ಬಟ್ಟೆ ಇರಲಿಲ್ಲ. ಹಾಸಿಗೆಗೆ ಹೊಸ ಹೊದಿಕೆ ಬಂದಿತ್ತು.

ಈಗ ಒಂದು ಬೆಕ್ಕು ಬಂದಿದೆ. ನಾವು ತಂದದ್ದಲ್ಲ, ತಾನಾಗಿಯೇ ಬಂತು. ಕಾರು ಹೊರಗೆ ಹೋಗಿ ಬಂದರೆ ಬಿಸಿ ಬಾನೆಟ್ ಮೇಲೆ ಮಲಗುತ್ತದೆ. ಇಲಿಯ ಕಾಟ ಕಮ್ಮಿಯಾಗಿದೆ, ಒಪ್ಪುತ್ತೇನೆ. ಆದರೆ ಅದು ಹತ್ತುವಾಗ ಇಳಿಯುವಾಗ ಉಗುರು ಊರಿ ಬಾನೆಟ್ ತುಂಬ ಗೀರು. ಪೇಂಟ್ ಮಾಡುವವರಿಗೆ ತೋರಿಸಿದೆ. ಬೆರಳಿನಲ್ಲಿ ಸವರಿ, "ಇಷ್ಟೇ ಮಾಡಿದ್ರೆ ಮ್ಯಾಚ್ ಆಗಲ್ಲ ಸಾರ್, ಬಾನೆಟ್ ಪೂರ್ತಿ ಹೊಡೀಬೇಕು. ಆಮೇಲೆ ಎರಡು ಫೆಂಡರೂ ಹಳೇದಾಗಿ ಕಾಣುತ್ತೆ" ಅಂದರು. ಅಂದರೆ ಸೆಟ್ಟು.

ನಿನ್ನೆ ಡೈರಿ ತೆಗೆದು ಕೂತಿದ್ದೆ. ನಮ್ಮ ಮನೆಯವರು ಬೆಕ್ಕಿಗೆ ಅಂತ ದಿನಾ ಅರ್ಧ ಲೀಟರ್ ನಂದಿನಿ ಹಾಲು ಹೆಚ್ಚಿಗೆ ತರಿಸುತ್ತಿದ್ದಾರೆ. ಅದನ್ನು ಪೆಟ್ರೋಲಿನ ಕಡೆ ಬರೆಯಬೇಕೋ ರಿಪೇರಿ ಕಡೆ ಬರೆಯಬೇಕೋ ತಿಳಿಯದೆ ಪೆನ್ನು ಹಿಡಿದು ಕೂತಿದ್ದಾಗ ಅವರೇ ಬಂದು ಇಣುಕಿ ನೋಡಿದರು. "ಕಾಫಿಗೂ ಅದೇ ಹಾಲು ಹಾಕ್ತೀನಿ ರೀ, ಅದನ್ನ ಕಳೆದು ಬರ್ಕೊಳ್ಳಿ" ಅಂದರು.